ಟೈಪ್ ಮಾಡಬೇಕಾದ್ದು ಯಾವುದು, ಕಂಪ್ಯೂಟರ್ ಹೇಳಿದ್ದು ಯಾವುದು?

ಮಾಷ್ಟ್ರೇ, ಮಕ್ಕಳಿಗೆ ನೀವು ಬರೆಯುತ್ತಿರುವ ಟರ್ಮಿನಲ್ (ಕಮಾಂಡ್ ಟೈಪ್ ಮಾಡಿ ಕಂಪ್ಯೂಟರಿಗೆ ಕೆಲಸ ಹೇಳುವ ಕಿಟಕಿ) ಕೈಪಿಡಿ ಓದಿದೆ. ಕಾಸರಗೋಡಿನ ನಮ್ಮ ಕನ್ನಡ ಶಾಲೆಗಳಲ್ಲೂ ಕೇರಳ ಸರಕಾರದ ಕೈಟ್ ಸಂಸ್ಥೆ ಕೊಟ್ಟ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮೇ ಇರುವುದರಿಂದ ಇದು ತುಂಬ ಮಕ್ಕಳ ಕೈಗೆ ಹೋಗಬೇಕು. "ಮಕ್ಕಳು ಡಾಲರ್ ಗುರುತನ್ನೂ ಸೇರಿಸಿ ಟೈಪ್ ಮಾಡ್ತಾರೆ, ಏನು ಮಾಡೋದು?" ಎಂದು ಕೇಳಿದ್ದೀರಿ. ಮಕ್ಕಳದ್ದೇನೂ ತಪ್ಪಿಲ್ಲ. ನಿಮ್ಮ ಪುಟದಲ್ಲಿ ಕಮಾಂಡ್ ಮತ್ತು ಔಟ್‌ಪುಟ್ ಒಂದೇ ಚೌಕದಲ್ಲಿ, ಒಂದೇ ಬಣ್ಣದಲ್ಲಿವೆ. ಹೊಸಬರಿಗೆ ಹೇಗೆ ಗೊತ್ತಾಗಬೇಕು?

ಎರಡನ್ನೂ ಬೇರೆ ಬೇರೆ ಚೌಕಕ್ಕೆ ಹಾಕಿ. ಮೇಲೆ 'ಇದನ್ನು ಟೈಪ್ ಮಾಡಿ', ಕೆಳಗೆ 'ಇಂಥದ್ದು ಕಾಣಿಸುತ್ತದೆ' ಎಂದು ಬರೆಯಿರಿ. ಕಮಾಂಡ್ ಚೌಕದಲ್ಲಿ ಪ್ರಾಂಪ್ಟ್, ಅಂದರೆ ಸಾಲಿನ ಮೊದಲು ಕಂಪ್ಯೂಟರ್ ತಾನೇ ತೋರಿಸುವ ಡಾಲರಿನಂಥ ಗುರುತು, ಬೇಡವೇ ಬೇಡ. ಡಾಲರ್ ಸೇರಿದರೆ 'ಕಮಾಂಡ್ ನಾಟ್ ಫೌಂಡ್' ಎಂದಾದರೂ ಬರುತ್ತದೆ. ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಪ್ರಾಂಪ್ಟಿನ ಹ್ಯಾಶ್ (#) ಸೇರಿದರೆ, ಕಮಾಂಡ್ ಓದಿ ನಡೆಸುವ ಶೆಲ್ ಆ ಸಾಲನ್ನು ಬರೀ ಟಿಪ್ಪಣಿ ಎಂದುಕೊಳ್ಳುತ್ತದೆ. ಕೆಲಸವೂ ಆಗುವುದಿಲ್ಲ, ತಪ್ಪು ಅಂತಲೂ ಹೇಳುವುದಿಲ್ಲ. ಉದ್ದದ ಕಮಾಂಡಿನ ಎರಡನೇ ಸಾಲಿಗೆ ಬರುವ ಬಾಣದ ತುದಿಯಂಥ ಗುರುತು (>) ಇನ್ನೂ ಅಪಾಯ. ಶೆಲ್‌ಗೆ ಅದು 'ಈ ಫೈಲಿಗೆ ಬರೆ' ಎಂದಂತೆ. ಆ ಗುರುತಿನ ಮುಂದೆ ಬರೆದ ಹೆಸರಿನ ಫೈಲ್ ಮೊದಲೇ ಇದ್ದರೆ ಅದರೊಳಗಿನದ್ದೆಲ್ಲ ಹೋಯಿತು.

ನನಗೆ ಜಾಸ್ತಿ ಹೆದರಿಕೆಯಾದದ್ದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಮೆಮೊರಿ ಕಾರ್ಡ್ ಸಿದ್ಧ ಮಾಡುವ ಭಾಗ. ಡಿಸ್ಕ್, ಕಾರ್ಡ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ (lsblk) ಔಟ್‌ಪುಟ್ ತೋರಿಸಿ, ಕೆಳಗೆ ಕಾರ್ಡಿಗೆ ಬರೆಯುವ ಡಿಡಿ (dd) ಕಮಾಂಡಿನಲ್ಲಿ ನೇರವಾಗಿ ಎಸ್‌ಡಿಬಿ (sdb) ಎಂಬ ಡಿಸ್ಕ್ ಹೆಸರು ಬರೆದಿದ್ದೀರಿ. ನಿಮ್ಮ ಕಂಪ್ಯೂಟರಿನಲ್ಲಿ ಅದು ಕಾರ್ಡ್. ಇನ್ನೊಬ್ಬರಲ್ಲಿ ಅದೇ ಹೆಸರು ಎರಡನೇ ಹಾರ್ಡ್ ಡಿಸ್ಕಿನದ್ದಾಗಿರಬಹುದು. ಡಿಡಿ 'ಬರೆಯಲಾ?' ಎಂದು ಕೇಳುವುದಿಲ್ಲ, ಬರೆದೇಬಿಡುತ್ತದೆ. ಹಾಗಾಗಿ ಕಾರ್ಡ್ ಹಾಕುವ ಮೊದಲಿನ ಎಲ್‌ಎಸ್‌ಬಿಎಲ್‌ಕೆ ಔಟ್‌ಪುಟ್, ಹಾಕಿದ ಮೇಲಿನ ಔಟ್‌ಪುಟ್, ಎರಡನ್ನೂ ಕೊಡಿ. ಹೊಸದಾಗಿ ಬಂದ ಸಾಲಿಗೆ ಬಣ್ಣ ಹಚ್ಚಿ. 32 ಜಿಬಿ ಕಾರ್ಡ್ ಅಲ್ಲಿ 29 ಚಿಲ್ಲರೆ ಎಂದು ಕಾಣುತ್ತದೆ, ಅದನ್ನೂ ಹೇಳಿ: ತಯಾರಕರು ಎಣಿಸುವುದು 1000ದ ಲೆಕ್ಕದಲ್ಲಿ, ಈ ಕಮಾಂಡ್ 1024ರ ಲೆಕ್ಕದಲ್ಲಿ. ಡಿಡಿ ಸಾಲಿನಲ್ಲಿ ನಿಜವಾದ ಹೆಸರು ಬೇಡ. 'ಎಸ್‌ಡಿಎಕ್ಸ್' (sdX) ಎಂದು ಹಾಕಿ, 'ಎಕ್ಸ್ ಇರುವಲ್ಲಿ ನಿಮ್ಮ ಕಾರ್ಡಿನ ಅಕ್ಷರ ಬರೆಯಿರಿ' ಎಂದು ಪಕ್ಕದಲ್ಲೇ ತಿಳಿಸಿ. ಕೆಲವು ಲ್ಯಾಪ್‌ಟಾಪಿನ ಕಾರ್ಡ್ ಸ್ಲಾಟಿನಲ್ಲಿ ಹೆಸರು ಎಂಎಂಸಿ (mmc) ಎಂದೇ ಶುರುವಾಗುತ್ತದೆ, ಅದಕ್ಕೂ ಒಂದು ಉದಾಹರಣೆ ಇರಲಿ.

ಏನೂ ಕಾಣಿಸದ ಕಮಾಂಡ್‌ಗಳಿಗೂ ಒಂದು ಸಾಲು ಬೇಕು. ಫೈಲ್ ಕಾಪಿ ಮಾಡುವ ಸಿಪಿ ಸರಿಯಾಗಿ ಮುಗಿದರೆ ಸುಮ್ನೆ ಪ್ರಾಂಪ್ಟಿಗೆ ಮರಳುತ್ತದೆ. ಹೊಸಬರು ಅದನ್ನು ಮತ್ತೆ ಮತ್ತೆ ಒತ್ತುತ್ತಾರೆ ಅಲ್ವಾ? ಡಿಡಿಯೂ ಮುಗಿಯುವ ತನಕ ಮಾತಾಡುವುದಿಲ್ಲ. 'ಸ್ಟೇಟಸ್' ಆಯ್ಕೆಗೆ 'ಪ್ರೊಗ್ರೆಸ್' ಕೊಟ್ಟರೆ ಎಷ್ಟು ಬರೆದಾಯಿತು ಎಂದು ಕಾಣುತ್ತದೆ, ಮಕ್ಕಳು ಮಧ್ಯದಲ್ಲಿ ಕಾರ್ಡ್ ಕೀಳುವುದಿಲ್ಲ.

ಔಟ್‌ಪುಟ್ ಉದ್ದ ಇದ್ದರೆ ಕತ್ತರಿಸಿ, ಆದರೆ 'ಇಲ್ಲಿ ಕೆಲವು ಸಾಲು ಬಿಟ್ಟಿದೆ' ಎಂದು ಕನ್ನಡದಲ್ಲೇ ಬರೆಯಿರಿ. ಬರೀ ಚುಕ್ಕಿ ಇಟ್ಟರೆ ಅದೂ ಔಟ್‌ಪುಟ್ ಎಂದುಕೊಳ್ಳುತ್ತಾರೆ. ಐಪಿ ವಿಳಾಸಕ್ಕೆ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ವಿಳಾಸ) 192.0.2 ಎಂದು ಶುರುವಾಗುವವನ್ನು ಬಳಸಿ, ಅವನ್ನು ಉದಾಹರಣೆಗೆಂದೇ ತೆಗೆದಿಟ್ಟಿದ್ದಾರೆ.

ಮೆಮೊರಿ ಕಾರ್ಡಿನ ಪುಟವನ್ನು ಮೊದಲು ತಿದ್ದಿ ಇಲ್ಲಿ ಹಾಕಿ. ಬೇರೆ ಬೇರೆ ಕಂಪ್ಯೂಟರ್ ಇರುವವರು ಅದರಂತೆ ಮಾಡಿ, ತಮಗೆ ಬಂದ ಔಟ್‌ಪುಟ್ ಕಳಿಸಲಿ.