ರ್‍ಯಾಕ್‌ನೊಳಗೆ ತಾಮ್ರ, ಅಂಗಳದಾಚೆ ಫೈಬರ್

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದೊಂದು ವಿನ್ಯಾಸ ಕಚೇರಿ. ಆಳೆತ್ತರದ 42ಯು ರ್‍ಯಾಕ್‌ನಲ್ಲಿ ಮೂರು ಸರ್ವರ್, ಒಂದು ಸ್ಟೋರೇಜ್ ಇವೆ. ಬೇಕಾದ ಮಾಡ್ಯೂಲ್ ತೂರಿಸಬಹುದಾದ ಎಸ್‌ಎಫ್‌ಪಿ ಪ್ಲಸ್ ಪೋರ್ಟ್‌ಗಳಿರುವ 10 ಗಿಗಾಬಿಟ್ ಸ್ವಿಚ್ ತರಿಸಿದ್ದೇವೆ. 80 ಮೀಟರ್ ದೂರದ ಗೋದಾಮಿಗೂ ಸಂಪರ್ಕ ಬೇಕು. ಎಲ್ಲ ಕಡೆಗೂ ಫೈಬರ್ ಹಾಕಿಸಿ ಎನ್ನುತ್ತಾರೆ ಅಂಗಡಿಯವರು. ಮುಂದೆ 25 ಗಿಗಾಬಿಟ್‌ಗೆ ಹೋಗುವ ಯೋಚನೆಯೂ ಇದೆ. ಏನು ಮಾಡಲಿ?

ಉತ್ತರ: ರ್‍ಯಾಕ್‌ನೊಳಗೆ ಫೈಬರ್‌ಗೆ ಹಣ ಸುರಿಯಬೇಡಿ, ಅದನ್ನು ಗೋದಾಮಿನ ದಾರಿಗೆ ಉಳಿಸಿಕೊಳ್ಳಿ. ಸರ್ವರ್‌ನಿಂದ ಸ್ವಿಚ್‌ಗೆ ಡಿಎಸಿ ಕೇಬಲ್ ಸಾಕು. ಇದು ಎರಡೂ ತುದಿಗೆ ಪ್ಲಗ್ ಕೂಡಿಸಿಯೇ ಬರುವ ತಾಮ್ರದ ಕೇಬಲ್. ಕೇಬಲನ್ನು ಪೋರ್ಟ್‌ಗೆ ಕೂಡಿಸುವ ಪ್ರತ್ಯೇಕ ಮಾಡ್ಯೂಲ್ ಬೇಡ, ವಿದ್ಯುತ್ ಬಳಕೆ ಅತ್ಯಲ್ಪ. ಅದೇ ಪೋರ್ಟ್‌ಗೆ ಆರ್‌ಜೆ45 (ಸಾಮಾನ್ಯ ಲ್ಯಾನ್ ಪ್ಲಗ್‌ನ) ಮಾಡ್ಯೂಲ್ ಹಾಕಿ ಕ್ಯಾಟ್ 6ಎ ಎಂಬ ತಾಮ್ರದ ಲ್ಯಾನ್ ಕೇಬಲ್ ಎಳೆದರೆ ಒಂದೊಂದು ಮಾಡ್ಯೂಲ್ ಎರಡು ವಾಟ್ ಆಸುಪಾಸು ನುಂಗುತ್ತದೆ, ಮುಟ್ಟಿದರೆ ಕೈ ಸುಡುವಷ್ಟು ಕಾಯುತ್ತದೆ. ಏಪ್ರಿಲ್‌ನ ಬಿಸಿಲಿನಲ್ಲಿ ಆ ಕಾವನ್ನೂ ಎಸಿಯೇ ಹೊರಬೇಕು.

ಉದ್ದವನ್ನು ಅಂದಾಜಿನ ಮೇಲೆ ಹೇಳಬೇಡಿ. ಸೆಣಬಿನ ಹುರಿಯೊಂದನ್ನು ಸ್ವಿಚ್ ಪೋರ್ಟ್‌ನಿಂದ ರ್‍ಯಾಕ್‌ನ ಪಕ್ಕದ ಕಂಬದವರೆಗೆ, ಅಲ್ಲಿಂದ ಕೆಳಗೆ ಸರ್ವರ್ ಬೆನ್ನಿನವರೆಗೆ ಹಿಡಿದು ಅಳೆಯಿರಿ. ಸರ್ವರನ್ನು ಹಳಿಯ ಮೇಲೆ ಪೂರ್ತಿ ಹೊರಗೆಳೆದಾಗ ಬೇಕಾಗುವ ಸಡಿಲವನ್ನೂ ಕೂಡಿಸಿ. ನಾನೇ ಒಮ್ಮೆ ಒಂದು ಮೀಟರ್ ಕೇಬಲನ್ನು ಬಿಗಿಯಾಗಿ ಹಾಕಿಸಿ, ಮೆಮೊರಿ ಬದಲಿಸಲು ಸರ್ವರ್ ಎಳೆದಾಗ ನಡುಹಗಲಿನಲ್ಲಿ ಸಂಪರ್ಕ ಕಡಿದುಕೊಂಡಿದ್ದೇನೆ. ಹಾಗೆಂದು ಐದು ಮೀಟರ್ ತರಿಸಿ ಸುತ್ತಿಡುವುದೂ ಬೇಡ. ದಪ್ಪ ಡಿಎಸಿ ಬಾಗುವುದಿಲ್ಲ, ಬಾಗಿಲಿಗೆ ಒತ್ತಿಕೊಳ್ಳುತ್ತದೆ.

ಸಾದಾ ಡಿಎಸಿ 10 ಗಿಗಾಬಿಟ್‌ನಲ್ಲಿ ಐದು ಮೀಟರ್‌ವರೆಗೆ ನಿಶ್ಚಿಂತೆಯಿಂದ ನಡೆಯುತ್ತದೆ. 25ರಲ್ಲಿ ಮೂರು ಮೀಟರ್ ದಾಟಬೇಡಿ. 25ರ ಯೋಚನೆ ಗಟ್ಟಿಯಾಗಿದ್ದರೆ ಈಗಲೇ 25 ಗಿಗಾಬಿಟ್‌ನ ಎಸ್‌ಎಫ್‌ಪಿ28 ಕೇಬಲ್ ಕೊಳ್ಳಬಹುದು. ಬಹುತೇಕ ಉಪಕರಣಗಳಲ್ಲಿ ಅದು 10ರಲ್ಲಿಯೂ ಓಡುತ್ತದೆ. ಆದರೂ ನಿಮ್ಮ ಸ್ವಿಚ್ ಒಪ್ಪುತ್ತದೆಯೇ ಎಂದು ಮೊದಲು ಕೇಳಿ. ಪ್ಲಗ್‌ನೊಳಗಿನ ಚಿಪ್‌ನಲ್ಲಿ ತಯಾರಕರ ಗುರುತು ಇರುತ್ತದೆ, ಬೇರೆಯವರ ಗುರುತು ಕಂಡರೆ ಕೆಲವು ಸ್ವಿಚ್‌ಗಳು ಪೋರ್ಟನ್ನೇ ಮುಚ್ಚುತ್ತವೆ. ಸ್ವಿಚ್ ಒಂದು ಕಂಪನಿಯದು, ಸರ್ವರ್‌ನ ಕಾರ್ಡ್ ಇನ್ನೊಂದರದು ಆಗಿದ್ದರೆ ಎರಡು ತುದಿಗೆ ಎರಡು ಗುರುತು ಬರೆಸಿ ಕೊಡುವವರಿದ್ದಾರೆ.

ಗೋದಾಮಿಗೆ ಮಾತ್ರ ಫೈಬರೇ ಬೇಕು. ಕ್ಯಾಟ್ 6ಎ ನೂರು ಮೀಟರ್ ಮುಟ್ಟುತ್ತದೆ, ನಿಜ. ಆದರೆ ರೋಹಿಣಿ ಮಳೆಗೆ ಮುಂಚಿನ ಸಿಡಿಲಿನ ದಿನಗಳಲ್ಲಿ ಎರಡು ಕಟ್ಟಡಗಳ ನಡುವಿನ ತಾಮ್ರ ಸ್ವಿಚ್ ಸುಡಲು ದಾರಿ ಮಾಡಿಕೊಡುತ್ತದೆ. ದೂರದ ಓಟಕ್ಕಾಗುವ ಸಿಂಗಲ್ ಮೋಡ್ ಫೈಬರ್, ಎರಡು ತುದಿಗೆ ಅದಕ್ಕೊಪ್ಪುವ ಎಲ್‌ಆರ್ ಮಾಡ್ಯೂಲ್ ಹಾಕಿಸಿ. ನಾಳೆ ವೇಗ ಹೆಚ್ಚಿದರೆ ಮಾಡ್ಯೂಲ್ ಬದಲಿಸಿದರಾಯಿತು, ನೆಲ ಅಗೆಯಬೇಕಿಲ್ಲ. ಇಲಿ ಕಾಟಕ್ಕೆಂದು ಉಕ್ಕಿನ ಕವಚದ ಕೇಬಲ್ ಹಾಕಿಸಿದರೆ ಕಟ್ಟಡದ ಬಾಗಿಲಲ್ಲೇ ಆ ಕವಚಕ್ಕೆ ಅರ್ಥಿಂಗ್ ಕೊಡಿಸಿ. ಪ್ಲಗ್ ಹಾಕುವ ಗಳಿಗೆಯವರೆಗೆ ತುದಿಯ ಮುಚ್ಚಳ ತೆಗೆಯಗೊಡಬೇಡಿ, ಗೋದಾಮಿನ ಧೂಳು ಒಂದು ಕಣ ಕೂತರೂ ಬೆಳಕು ಮಂಕಾಗುತ್ತದೆ.