ದುಬಾರಿ ಪೆಟ್ರೋಲ್ ಹಾಕಿಸಿದರೆ ಗಾಡಿ ಚೆನ್ನಾಗಿ ಓಡುತ್ತದಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪೆಟ್ರೋಲ್ ಬಗ್ಗೆಯೇ ಇದ್ದವು. ಹಾಗಾಗಿ ಟೈರ್, ಬ್ಯಾಟರಿ, ಇನ್ಶೂರೆನ್ಸ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ನನ್ನದು 110 ಸಿಸಿ ಸ್ಕೂಟರ್. ದಿನಾ ಆಫೀಸಿಗೆ ಅದರಲ್ಲೇ ಓಡಾಟ. ಬಂಕ್‌ಗೆ ಹೋದಾಗಲೆಲ್ಲ ‘ಪ್ರೀಮಿಯಂ ಹಾಕ್ಲಾ ಮೇಡಂ, ಮೈಲೇಜ್ ಬರುತ್ತೆ’ ಅಂತಾರೆ. ಲೀಟರಿಗೆ ಏಳೆಂಟು ರೂಪಾಯಿ ಜಾಸ್ತಿ. ಹಾಕಿಸಬೇಕಾ? — ಓದುಗರು, ರಾಜಾಜಿನಗರ

ಉತ್ತರ: ಬೇಡ ಮೇಡಂ. ಮಾಮೂಲಿ ಪೆಟ್ರೋಲೇ ಹಾಕಿಸಿ.

ಆಕ್ಟೇನ್ ಜಾಸ್ತಿ ಇದ್ದರೆ ಪೆಟ್ರೋಲಿಗೆ ಶಕ್ತಿ ಜಾಸ್ತಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಹಾಗಲ್ಲ. ಎಂಜಿನ್ ಒಳಗೆ ಪಿಸ್ಟನ್ ಮೇಲೆ ಬಂದು ಪೆಟ್ರೋಲ್ ಮತ್ತು ಗಾಳಿಯನ್ನು ಒತ್ತುತ್ತದೆ, ಒತ್ತಿದಷ್ಟೂ ಅದು ಕಾಯುತ್ತದೆ. ಸ್ಪಾರ್ಕ್ ಪ್ಲಗ್ ಕಿಡಿ ಕೊಟ್ಟ ಮೇಲೆ ಬೆಂಕಿ ಆ ಕಡೆಯಿಂದ ಹರಡಿಕೊಂಡು ಬರಬೇಕು. ಅದು ತಲುಪುವ ಮೊದಲೇ ಮೂಲೆಯಲ್ಲಿದ್ದ ಪೆಟ್ರೋಲ್ ಕಾವಿಗೆ ತಾನಾಗೇ ಹೊತ್ತಿಕೊಂಡರೆ ಕಟಕಟ ಅಂತ ಸದ್ದು ಬರುತ್ತದೆ. ಅದೇ ನಾಕಿಂಗ್. ಹಾಗೆ ಹೊತ್ತಿಕೊಳ್ಳದೆ ಪೆಟ್ರೋಲ್ ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದನ್ನು ಹೇಳುವ ಸಂಖ್ಯೆ ಆಕ್ಟೇನ್, ಅಷ್ಟೇ. ನಿಮ್ಮ ಸ್ಕೂಟರ್ ಎಂಜಿನ್ ಒತ್ತುವುದು ಹತ್ತು ಪಾಲು ಜಾಗದಲ್ಲಿದ್ದುದನ್ನು ಒಂದು ಪಾಲಿಗೆ ಇಳಿಸುವಷ್ಟು, ಅದರ ಆಸುಪಾಸು. ಅದಕ್ಕೆ 91 ಆಕ್ಟೇನ್ ಸಾಕು. 95 ಹಾಕಿದರೂ 100 ಹಾಕಿದರೂ ಅದು ಓಡುವ ರೀತಿ ಬದಲಾಗುವುದಿಲ್ಲ.

ಇನ್ನೊಂದು ವಿಷಯ ಬಂಕ್‌ನಲ್ಲಿ ಯಾರೂ ಹೇಳುವುದಿಲ್ಲ. ಈಗ ಮಾಮೂಲಿ ನಾಜಲ್‌ನಲ್ಲಿ ಬರುವುದು ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್, ಇ20. ಅದನ್ನು 2023ರ ಫೆಬ್ರುವರಿ 6ರಂದು ಪ್ರಧಾನಿ ಚಾಲನೆ ಕೊಟ್ಟು ಮಾರುಕಟ್ಟೆಗೆ ಬಿಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಎಥೆನಾಲ್‌ನ ಆಕ್ಟೇನ್ ನೂರಕ್ಕಿಂತ ಜಾಸ್ತಿ. ಅದನ್ನು ಬೆರೆಸಿದ ಮೇಲೆ ಮಾಮೂಲಿ ಪೆಟ್ರೋಲಿನ ಆಕ್ಟೇನೇ 95ರ ಹತ್ತಿರ ಬರುತ್ತದೆ ಅಂತ ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ಅಂದ ಮೇಲೆ ಆಕ್ಟೇನ್ ಆಸೆಗೆ ಏಳೆಂಟು ರೂಪಾಯಿ ಯಾಕೆ ಕೊಡಬೇಕು?

ಮೈಲೇಜ್ ಬೇಕಂದ್ರೆ ವಾರಕ್ಕೊಮ್ಮೆ ಟೈರ್‌ಗೆ ಗಾಳಿ ಹಿಡಿಸಿ, ಏರ್ ಫಿಲ್ಟರ್ ಕ್ಲೀನ್ ಇಟ್ಟುಕೊಳ್ಳಿ, ಉದ್ದದ ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡಿ.

ಪ್ರಶ್ನೆ: ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ ದಿನಸಿ ಮಾರುವ ಸೂಪರ್‌ಮಾರ್ಕೆಟ್‌ನವರೇ ಪೆಟ್ರೋಲೂ ಮಾರುತ್ತಾರಂತೆ, ದೊಡ್ಡ ಕಂಪನಿ ಬಂಕ್‌ಗಿಂತ ಅಗ್ಗವಂತೆ. ಅವಳು ಅದನ್ನೇ ಹಾಕಿಸುತ್ತಾಳೆ. ಅಗ್ಗದ್ದು ಅಂದರೆ ಕಳಪೆ ಇರುತ್ತದೆ, ಎಂಜಿನ್ ಹಾಳಾಗುತ್ತದೆ ಅಂತ ನನ್ನ ವಾದ. ಇಲ್ಲಿ ನಾನು ಒಂದೇ ಕಂಪನಿಯ ಬಂಕ್‌ಗೆ ಮಾತ್ರ ಹೋಗುವುದು. ಯಾರು ಸರಿ? — ಓದುಗರು, ಬಸವನಗುಡಿ

ಉತ್ತರ: ನಿಮ್ಮ ಮಗಳೇ ಸರಿ ಸರ್. ಆದರೆ ನಿಮ್ಮ ಮಾತಿನಲ್ಲೂ ಒಂದು ಎಳೆ ನಿಜ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಬ್ರಿಟನ್‌ನಲ್ಲಿ ಟೆಸ್ಕೊ, ಸೇನ್ಸ್‌ಬರೀಸ್, ಆಸ್ಡಾ ಎಲ್ಲ ಪೆಟ್ರೋಲ್ ಮಾರುತ್ತವೆ. ಯಾರೇ ಮಾರಲಿ, ಇಎನ್ 228 ಅನ್ನುವ ಒಂದೇ ಮಾನದಂಡಕ್ಕೆ ಒಪ್ಪಬೇಕು. ಅಲ್ಲಿ ಕಡಿಮೆ ಅಂದ್ರೂ 95 ಆಕ್ಟೇನ್ ಇರಬೇಕು. ಸೂಪರ್‌ಮಾರ್ಕೆಟ್‌ಗೆ ಸ್ವಂತ ರಿಫೈನರಿ ಏನೂ ಇಲ್ಲ. ದೊಡ್ಡ ಕಂಪನಿಗಳ ಟ್ಯಾಂಕರ್ ತುಂಬುವ ಟರ್ಮಿನಲ್‌ಗಳಲ್ಲೇ ಇವರ ಟ್ಯಾಂಕರೂ ಸಾಲಿನಲ್ಲಿ ನಿಲ್ಲುತ್ತದೆ. ಪೆಟ್ರೋಲಿಗೆ ಬಂದವರು ಹಾಲು, ಬ್ರೆಡ್ಡೂ ತಗೊಂಡು ಹೋಗಲಿ ಅಂತ ಅಗ್ಗಕ್ಕೆ ಕೊಡುತ್ತಾರೆ. ಅಷ್ಟೇ ಅಲ್ಲ, ಟೆಸ್ಕೊ ತನ್ನದೇ ಹೆಸರಿನಲ್ಲಿ 99 ಆಕ್ಟೇನ್ ಪೆಟ್ರೋಲನ್ನೂ ಮಾರಿದೆ.

ಇಲ್ಲಿಯ ಕಥೆಯೂ ಹಾಗೇ. ಬೆಂಗಳೂರಿಗೆ ಪೆಟ್ರೋಲ್ ಎಲ್ಲಿಂದ ಬರುತ್ತದೆ ಅಂತ ನೋಡಿ. ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯಲ್ಲಿ ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ ಮೂರರ ಟರ್ಮಿನಲ್‌ಗಳೂ ಅಕ್ಕಪಕ್ಕದಲ್ಲಿವೆ. ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಯಿಂದ ಹಾಸನದ ಮೇಲೆ ಹಾದು ಬರುವ ಸುಮಾರು 360 ಕಿ.ಮೀ. ಪೈಪ್‌ಲೈನ್ ಬಂದು ಮುಟ್ಟುವುದು ಅಲ್ಲಿಗೇ. ಚೆನ್ನೈ ಕಡೆಯಿಂದಲೂ ಪೈಪ್‌ಲೈನ್ ಇದೆ. ಕಂಪನಿಗಳು ತಮ್ಮತಮ್ಮಲ್ಲೇ ಸರಕು ಕೊಟ್ಟು ತಗೊಳ್ಳುತ್ತವೆ, ಒಬ್ಬರ ರಿಫೈನರಿಯ ಪೆಟ್ರೋಲ್ ಇನ್ನೊಬ್ಬರ ಬೋರ್ಡ್ ಇರುವ ಬಂಕ್‌ಗೆ ಹೋಗುತ್ತದೆ. ಮಾಮೂಲಿ ಪೆಟ್ರೋಲಿನಲ್ಲಿ ನೀವು ನಂಬಿಕೊಂಡು ಹೋಗುತ್ತಿರುವುದು ಬೋರ್ಡಿನ ಬಣ್ಣವನ್ನು. ಆ ಬಂಕ್‌ನವರು ಅಳತೆಯಲ್ಲಿ ಪ್ರಾಮಾಣಿಕರು, ಟ್ಯಾಂಕ್ ಚೆನ್ನಾಗಿ ಇಟ್ಟಿರುತ್ತಾರೆ ಅಂತಾದರೆ ಖಂಡಿತ ಅಲ್ಲಿಗೇ ಹೋಗಿ, ಅದು ಒಳ್ಳೆಯ ಕಾರಣ. ಪೆಟ್ರೋಲೇ ಬೇರೆ ಅನ್ನುವುದು ಕಾರಣ ಅಲ್ಲ.

ಈಗ ನಿಮ್ಮ ಮಾತಿನಲ್ಲಿರುವ ನಿಜ. ಕೆಲವು ಪೆಟ್ರೋಲಿಗೆ ಎಂಜಿನ್ ಒಳಗೆ ಕರಿ ಕಟ್ಟದಂತೆ ನೋಡಿಕೊಳ್ಳುವ ಕ್ಲೀನಿಂಗ್ ಅಡಿಟಿವ್ ಬೆರೆಸುತ್ತಾರೆ. ಇದು ಬರೀ ಜಾಹೀರಾತಲ್ಲ. ಅಮೆರಿಕದ ವಾಹನ ಸವಾರರ ಸಂಸ್ಥೆ ಎಎಎ 2016ರಲ್ಲಿ ಪರೀಕ್ಷೆ ಮಾಡಿಸಿತು. ‘ಟಾಪ್ ಟಿಯರ್’ ಅನ್ನುವ ಅಡಿಟಿವ್ ಮಾನದಂಡ ಪಾಲಿಸಿದ ಪೆಟ್ರೋಲಿಗಿಂತ ಅದನ್ನು ಪಾಲಿಸದ ಪೆಟ್ರೋಲಿನಲ್ಲಿ ಎಂಜಿನ್ ಒಳಗೆ ಗಾಳಿ ಬಿಡುವ ಇನ್‌ಟೇಕ್ ವಾಲ್ವ್ ಮೇಲೆ ಸರಾಸರಿ 19 ಪಟ್ಟು ಜಾಸ್ತಿ ಕರಿ ಕಟ್ಟಿತ್ತು. ಈ ವ್ಯತ್ಯಾಸ ನಿಜ, ಸಣ್ಣದೂ ಅಲ್ಲ. ಆದರೆ ಗಮನಿಸಿ, ಆ ಟಾಪ್ ಟಿಯರ್ ಪಟ್ಟಿಯಲ್ಲಿ ಕಾಸ್ಟ್‌ಕೊ ಕೂಡ ಇದೆ. ಅದು ಅಲ್ಲಿನ ಅಗ್ಗದ ಸಗಟು ಅಂಗಡಿ! ಅಡಿಟಿವ್ ಇದೆಯೋ ಇಲ್ಲವೋ ಅನ್ನುವುದನ್ನು ಬೆಲೆ ನೋಡಿ ಹೇಳಲು ಆಗುವುದಿಲ್ಲ.

ಜೊತೆಗೆ, ನೇರ ಸಿಲಿಂಡರ್ ಒಳಗೇ ಪೆಟ್ರೋಲ್ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಇನ್‌ಟೇಕ್ ವಾಲ್ವ್‌ಗೆ ಪೆಟ್ರೋಲ್ ತಾಗುವುದೇ ಇಲ್ಲ. ತಾಗದ ಮೇಲೆ ತೊಳೆಯುವುದು ಹೇಗೆ? ಅಂಥ ಎಂಜಿನ್‌ನಲ್ಲಿ ಅಡಿಟಿವ್‌ನ ಉಪಯೋಗ ಇಂಜೆಕ್ಟರ್ ತುದಿಗೆ ಮಾತ್ರ.

ಪ್ರಶ್ನೆ: ನನ್ನದು ಟರ್ಬೊ ಪೆಟ್ರೋಲ್ ಕಾರು. ನಂದಿ ಬೆಟ್ಟ ಹತ್ತುವಾಗ ಮೂರನೇ ಗೇರಿನಲ್ಲಿ ಎಂಜಿನ್ ಕಟಕಟ ಅನ್ನುತ್ತದೆ. 100 ಆಕ್ಟೇನ್ ಹಾಕಿಸಲಾ? — ಓದುಗರು, ಯಲಹಂಕ

ಉತ್ತರ: ನಿಮಗೆ ಪ್ರೀಮಿಯಂ ಉಪಯೋಗಕ್ಕೆ ಬರಬಹುದು. ಆದರೆ ಎಲ್ಲಕ್ಕೂ ಮೊದಲು ಪೆಟ್ರೋಲ್ ಮುಚ್ಚಳದ ಬಾಗಿಲು ತೆಗೆದು ಒಳಗೆ ಅಂಟಿಸಿರುವ ಸ್ಟಿಕ್ಕರ್ ಓದಿ. ಎಷ್ಟೋ ಕಾರುಗಳಲ್ಲಿ ಅಲ್ಲೇ ಬರೆದಿರುತ್ತದೆ: ಕನಿಷ್ಠ ಆಕ್ಟೇನ್ ಎಷ್ಟು, ಎಥೆನಾಲ್ ಎಷ್ಟರವರೆಗೆ ಆಗುತ್ತದೆ. ಅಲ್ಲಿಲ್ಲದಿದ್ದರೆ ಮಾಲೀಕರ ಕೈಪಿಡಿಯಲ್ಲಿ ಇದ್ದೇ ಇರುತ್ತದೆ. ‘91 ಅಥವಾ ಹೆಚ್ಚು’ ಅಂತಿದ್ದರೆ ಮಾಮೂಲಿ ಪೆಟ್ರೋಲ್ ಸಾಕು. ‘95 ಆದರೆ ಒಳ್ಳೆಯದು’ ಅಂತಿದ್ದರೆ ಘಾಟಿಗೆ ಹೋಗುವಾಗ, ಕಾರಿನ ತುಂಬ ಜನ ಕೂತಾಗ 95 ಹಾಕಿಸಿದರೆ ಸ್ವಲ್ಪ ಫರಕ್ಕು ಗೊತ್ತಾಗಬಹುದು, ಮಾಮೂಲಿಯೂ ಈಗ 95ರ ಹತ್ತಿರವೇ ಇರುವುದರಿಂದ ಜಾಸ್ತಿ ಏನಲ್ಲ. ಟರ್ಬೊ ಎಂಜಿನ್ ಗಾಳಿಯನ್ನು ಮೊದಲೇ ಒತ್ತಿ ಒಳಗೆ ಕಳಿಸುತ್ತದೆ, ಹಾಗಾಗಿ ಒಳಗಿನ ಕಾವು ಜಾಸ್ತಿ. ನಾಕಿಂಗ್ ಶುರುವಾದ ತಕ್ಷಣ ನಾಕ್ ಸೆನ್ಸರ್ ಅದನ್ನು ಹಿಡಿದು ಕಿಡಿಯನ್ನು ಸ್ವಲ್ಪ ತಡ ಮಾಡಿಸುತ್ತದೆ. ಎಂಜಿನ್ ಉಳಿಯುತ್ತದೆ, ಎಳೆತ ಕಮ್ಮಿಯಾಗುತ್ತದೆ.

ಅಷ್ಟಾದರೂ ಸದ್ದು ನಿಮ್ಮ ಕಿವಿಗೆ ಬೀಳುತ್ತಿದೆ ಅಂದರೆ ಮೊದಲು ಬೆಟ್ಟದಲ್ಲಿ ಎರಡನೇ ಗೇರಿಗೆ ಇಳಿಸಿ ನೋಡಿ. ಎಂಜಿನ್ ನಿಧಾನಕ್ಕೆ ತಿರುಗುತ್ತಿರುವಾಗ ಆಕ್ಸಿಲರೇಟರ್ ತುಂಬಾ ಒತ್ತಿದರೂ ಇದೇ ಸದ್ದು ಬರುತ್ತದೆ. ಗೇರ್ ಇಳಿಸಿದರೂ, 95 ಹಾಕಿಸಿದರೂ ನಿಲ್ಲದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ. 100 ಹಾಕಿಸಿ ಸದ್ದನ್ನು ಮುಚ್ಚಿಡುವುದು ಬೇಡ.

ಕೊಳ್ಳುವಾಗ ಹೆಸರು ಕೇಳಬೇಡಿ, ಸಂಖ್ಯೆ ಕೇಳಿ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ95 ಮತ್ತು 2020ರ ಡಿಸೆಂಬರ್‌ನಲ್ಲಿ ಬಂದ ಎಕ್ಸ್‌ಪಿ100ರಲ್ಲಿ ಆಕ್ಟೇನ್ ಹೆಸರಿನಲ್ಲೇ ಇದೆ. ಪ್ರೀಮಿಯಂ ಅಂತ ಬರೆದಿದ್ದೆಲ್ಲ ಹಾಗಿರುವುದಿಲ್ಲ. ಕೆಲವದರಲ್ಲಿ ಅಡಿಟಿವ್ ಮಾತ್ರ ಸೇರಿಸಿರುತ್ತಾರೆ. ಬ್ರಾಂಡೆಡ್ ಪೆಟ್ರೋಲಿಗೆ ಕೇಂದ್ರದ ಅಬಕಾರಿ ಸುಂಕವನ್ನೂ ಲೀಟರಿಗೆ ರೂಪಾಯಿ ಚಿಲ್ಲರೆ ಜಾಸ್ತಿ ಹಾಕುತ್ತಾ ಬಂದಿದ್ದಾರೆ. ಅಂದರೆ ನೀವು ಕೊಡುವ ಹೆಚ್ಚಿನ ದುಡ್ಡೆಲ್ಲ ಎಂಜಿನ್‌ಗೆ ಹೋಗುವುದಿಲ್ಲ.

ಪ್ರಶ್ನೆ: ಇ20 ಬಂದ ಮೇಲೆ ಮೈಲೇಜ್ ಬಿದ್ದಿದೆ ಅನ್ನಿಸುತ್ತಿದೆ. ಹಳೇ ಕಾರು. ಭ್ರಮೆಯಾ? — ಓದುಗರು, ವಿಜಯನಗರ

ಉತ್ತರ: ಭ್ರಮೆ ಅಲ್ಲ. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿ ಇರುತ್ತದೆ. ಎಥೆನಾಲ್‌ಗೆಂದೇ ಮಾಡದ, ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 6–7ರಷ್ಟು ಮೈಲೇಜ್ ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯಲ್ಲೇ ಇದೆ. ಅಂಥದ್ದೇ ದ್ವಿಚಕ್ರ ವಾಹನಗಳಲ್ಲಿ ಶೇ 3–4. ಮೈಲೇಜ್‌ಗಿಂತ ರಬ್ಬರ್ ಪೈಪು, ಸೀಲುಗಳ ಕಡೆ ನಿಮ್ಮ ಗಮನ ಇರಲಿ. ಪ್ರತಿ ಸರ್ವಿಸ್‌ನಲ್ಲಿ ಅವನ್ನು ತೆಗೆಸಿ ನೋಡಿಸಿ, ಬಿರುಕು ಬಿಟ್ಟಿದ್ದರೆ ಇ20ಗೆ ಒಗ್ಗುವಂಥದ್ದನ್ನು ಹಾಕಿಸಿ. ಗಾಡಿಯನ್ನು ತಿಂಗಳುಗಟ್ಟಲೆ ಸುಮ್ನೆ ನಿಲ್ಲಿಸಬೇಡಿ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ನೀರು ಜಾಸ್ತಿಯಾದರೆ ಅದು ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ.

ಪ್ರಶ್ನೆ: ಮಾಮೂಲಿ, ಪ್ರೀಮಿಯಂ ಎರಡನ್ನೂ ಬೆರೆಸಿದರೆ ತೊಂದರೆಯಾ? — ಓದುಗರು, ಕೆಂಗೇರಿ

ಉತ್ತರ: ಇಲ್ಲ. ಆಕ್ಟೇನ್ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ, ಅಷ್ಟೇ.

ಪ್ರಶ್ನೆ: ಯಾವ ಪೆಟ್ರೋಲ್ ಅನ್ನುವುದು ಹಾಗಿರಲಿ, ಬಂಕ್‌ನಲ್ಲಿ ಕೊಡುವುದು ಶುದ್ಧವಾಗಿದೆ ಅಂತ ತಿಳಿಯುವುದು ಹೇಗೆ? — ಓದುಗರು, ಪೀಣ್ಯ

ಉತ್ತರ: ನೀವು ಕೇಳಿದ್ದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ನೂರರ ಆಕ್ಟೇನ್ ಕೊಂಡು ಅದರಲ್ಲಿ ನೀರೋ ಸೀಮೆಎಣ್ಣೆಯೋ ಇದ್ದರೆ ಏನು ಪ್ರಯೋಜನ?

ಬಂಕ್‌ನಲ್ಲಿ ಫಿಲ್ಟರ್ ಪೇಪರ್ ಕೇಳಿ. ಕೊಡಲೇಬೇಕು, ಅದು ನಿಮ್ಮ ಹಕ್ಕು. ನಾಜಲ್ ತುದಿಯನ್ನು ಒರೆಸಿ, ಪೇಪರ್ ಮೇಲೆ ಒಂದು ಹನಿ ಬಿಡಿ. ಎರಡು ನಿಮಿಷದಲ್ಲಿ ಅದು ಆರಬೇಕು. ಆರಿದ ಮೇಲೆ ಎಣ್ಣೆಯ ಕಲೆ ಉಳಿದರೆ ಅನುಮಾನ ಪಡಿ. ಬಣ್ಣ ಹಾಕಿದ ಪೆಟ್ರೋಲಾದ್ದರಿಂದ ತೆಳು ಗುಲಾಬಿ ಗುರುತು ಉಳಿದರೆ ಪರವಾಗಿಲ್ಲ. ಪಂಪ್ ಮೇಲೆ ಅಥವಾ ಬಿಲ್‌ನಲ್ಲಿ ಸಾಂದ್ರತೆ ಹಾಕಿರುತ್ತಾರೆ. 15 ಡಿಗ್ರಿಯಲ್ಲಿ ಅದು 720ರಿಂದ 775ರ ಒಳಗಿರಬೇಕು. ಅಳತೆ ಬಗ್ಗೆ ಅನುಮಾನ ಬಂದರೆ ಮುದ್ರೆ ಹಾಕಿದ ಐದು ಲೀಟರ್ ಕ್ಯಾನ್ ತರಿಸಿ, ನಿಮ್ಮೆದುರೇ ತುಂಬಿಸಿ ತೋರಿಸಲು ಹೇಳಿ. ಮಳೆಗಾಲದಲ್ಲಿ ಬಂಕ್ ಅಂಗಳದಲ್ಲೇ ನೀರು ನಿಂತಿದ್ದರೆ ಅವತ್ತು ಮುಂದಿನ ಬಂಕ್‌ಗೆ ಹೋಗಿ, ಕೆಳಗಿನ ಟ್ಯಾಂಕಿಗೂ ನೀರು ಇಳಿದಿರಬಹುದು.

ಈ ಯಾವುದನ್ನಾದರೂ ಮಾಡಿ ತೋರಿಸಲು ಒಪ್ಪದಿದ್ದರೆ ಬಿಲ್ ಇಟ್ಟುಕೊಂಡು ಕಂಪನಿಗೂ, ಅಳತೆಯ ದೂರಾದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೂ ಬರೆಯಿರಿ. ದಿನಾಂಕ, ಸಮಯ, ಯಾವ ಪಂಪ್, ಎಷ್ಟು ಲೀಟರ್ ಅನ್ನುವುದು ದೂರಿನಲ್ಲಿ ಇರಲಿ.