ನರ್ಸರಿಯವರು ‘ನಿಮ್ಮ ಮಗುವಿಗೆ ತಕ್ಕ ಪ್ಲಾನ್’ ಅನ್ನುತ್ತಾರಲ್ಲ, ನಿಜಕ್ಕೂ ಮಾಡುತ್ತಾರಾ?

ಎರಡೂವರೆ ವರ್ಷದ ಮಗಳನ್ನು ಇಂಗ್ಲೆಂಡಿನ ನರ್ಸರಿಗೆ ಸೇರಿಸಿದ್ದೀರಿ. ಉದ್ದದ ಫಾರಂ ಕೊಟ್ಟಿದ್ದಾರೆ, ಮೀಟಿಂಗಿಗೆ ಕರೆದಿದ್ದಾರೆ. ಪ್ರತಿ ಮಗುವಿಗೂ ತಕ್ಕಂತೆ ಕಲಿಕೆ ಅನ್ನುವುದು ನಿಜವಾ, ಬರೀ ಬಾಯಿಮಾತಾ, ನಾವು ಅಲ್ಲಿ ಏನು ಹೇಳಬೇಕು ಅಂತ ಕೇಳಿದ್ದೀರಿ. ನಾನು ಇಲ್ಲಿನ ಒಂದು ನರ್ಸರಿಯಲ್ಲಿ ಇದೇ ವಯಸ್ಸಿನ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ನನಗೆ ಕಂಡಂತೆ ಹೇಳುತ್ತೇನೆ.

ನಿಜವೇ. ಆದರೆ ನಿಮ್ಮ ಮಗಳಿಗೆ ಅಂತ ಬೇರೆ ಟೈಂಟೇಬಲ್ ಇರುತ್ತದೆ ಅಂದುಕೊಳ್ಳಬೇಡಿ. ಎರಡು ವರ್ಷದ ಮಕ್ಕಳಾದರೆ ಐದು ಜನಕ್ಕೆ ಕನಿಷ್ಠ ಒಬ್ಬ ಸಿಬ್ಬಂದಿ ಇರಬೇಕು ಅನ್ನುವುದು ಇಲ್ಲಿನ ನಿಯಮ. ಐದು ಮಕ್ಕಳಿಗೆ ಐದು ಪಾಠ ಮಾಡುವುದು ಆಗದ ಮಾತು. ಆಟದ ಸಾಮಾನು ಎಲ್ಲರಿಗೂ ಒಂದೇ. ಆ ಸಾಮಾನಿನ ಪಕ್ಕ ಕೂತು ಯಾವ ಮಗುವಿನ ಜೊತೆ ಏನು ಮಾತಾಡುತ್ತೇವೆ ಅನ್ನುವುದು ಬೇರೆ. ಪ್ಲಾನ್ ಅಂದರೆ ಮುಖ್ಯವಾಗಿ ಅದೇ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮಲ್ಲಿ ಒಬ್ಬ ಹುಡುಗ ಯಾವ ಆಟದಲ್ಲೂ ನಿಲ್ಲುತ್ತಿರಲಿಲ್ಲ. ಮರಳನ್ನು ನೀರಿನ ಟಬ್ಬಿಗೆ ಹಾಕುವುದು, ಬ್ಲಾಕ್‌ಗಳನ್ನು ಪುಸ್ತಕದ ಮೂಲೆಗೆ ಸಾಗಿಸುವುದು, ಇದೇ ಕೆಲಸ. ಸಂಜೆ ಕರೆದುಕೊಂಡು ಹೋಗಲು ಬಂದ ಅವನ ಅಮ್ಮ ಸುಮ್ನೆ ಮಾತಿಗೆ ಹೇಳಿದರು: ‘ಮನೇಲಿ ಚಮಚ ಎಲ್ಲಾ ಮಂಚದ ಕೆಳಗೆ ಸೇರಿಸಿರ್ತಾನೆ, ನಮಗೆ ಸಾಕಾಗಿದೆ.’ ಆಗ ಗೊತ್ತಾಯಿತು, ಅದು ತುಂಟತನ ಅಲ್ಲ. ಸಾಮಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದೇ ಅವನಿಗೆ ಸದ್ಯದ ಗೀಳು. ಈ ವಯಸ್ಸಿನಲ್ಲಿ ಹೀಗೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದಕ್ಕೆ ನಮ್ಮವರು ಸ್ಕೀಮಾ ಅನ್ನುತ್ತಾರೆ. ಒಂದು ಪುಟ್ಟ ತಳ್ಳುಗಾಡಿ, ನಾಲ್ಕಾರು ಚೀಲ ತಂದಿಟ್ಟೆವು. ‘ಭಾರ’, ‘ಹಗುರ’, ‘ತುಂಬಿದೆ’, ‘ಖಾಲಿ’ ಅಂತ ಮಾತು ಶುರುವಾಯಿತು. ‘ಎರಡು ಕಲ್ಲು ತಾ’ ಅಂದರೆ ಎಣಿಕೆ. ಗಾಡಿ ಇನ್ನೊಬ್ಬಳಿಗೂ ಬೇಕು ಅಂದಾಗ ಸರದಿ ಕಾಯುವುದು. ಕಾಗದದ ಮೇಲೆ ಇದು ಎರಡು ಸಾಲು ಅಷ್ಟೇ. ಆದರೆ ಅಮ್ಮನ ಆ ಮಾತು ಇಲ್ಲದಿದ್ದರೆ ಆ ಎರಡು ಸಾಲೂ ಹುಟ್ಟುತ್ತಿರಲಿಲ್ಲ.

ಅದಕ್ಕೇ ಫಾರಂನಲ್ಲಿ ‘ತುಂಬಾ ಚುರುಕು, ಎಲ್ಲರ ಜೊತೆ ಬೆರೆಯುತ್ತಾಳೆ’ ಅಂತ ಬರೆದರೆ ನಮಗೆ ಉಪಯೋಗ ಕಡಿಮೆ. ಮಿಕ್ಸಿ ಸದ್ದಿಗೆ ಹೆದರುತ್ತಾಳಾ? ಅತ್ತರೆ ಎತ್ತಿಕೊಳ್ಳಬೇಕಾ, ಸ್ವಲ್ಪ ಹೊತ್ತು ಬಿಡಬೇಕಾ? ನಿದ್ದೆಗೆ ಏನು ಬೇಕು? ವಿಡಿಯೋ ಕಾಲ್‌ನಲ್ಲಿ ದಿನಾ ಯಾರ ಜೊತೆ ಮಾತಾಡುತ್ತಾಳೆ? ಇಂಥದ್ದು ಬರೆಯಿರಿ. ಬೆಳಿಗ್ಗೆ ‘ಅಜ್ಜಿ’ ಅಂತ ಅಳುವ ಮಗುವಿನ ಅಜ್ಜಿ ಯಾರು ಅಂತಲೇ ನಮ್ಮ ಸಿಬ್ಬಂದಿಗೆ ಗೊತ್ತಿಲ್ಲದಿದ್ದರೆ ಹೇಗೆ ಅಲ್ವಾ?

ನಿಯಮದ ಮಾತು ಸ್ವಲ್ಪ. ಹುಟ್ಟಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ಇಂಗ್ಲೆಂಡಿನಲ್ಲಿ ಇ.ವೈ.ಎಫ್.ಎಸ್. (ಅರ್ಲಿ ಇಯರ್ಸ್ ಫೌಂಡೇಶನ್ ಸ್ಟೇಜ್) ಅನ್ನುವ ಸರ್ಕಾರಿ ಚೌಕಟ್ಟು ಇದೆ. 2008ರಿಂದ ಜಾರಿಯಲ್ಲಿದೆ, ಆಗಾಗ ತಿದ್ದಿದ್ದಾರೆ. ಅದರ ಪ್ರಕಾರ ಪ್ರತಿ ಮಗುವಿಗೂ ಒಬ್ಬರು ಕೀ ಪರ್ಸನ್, ಅಂದರೆ ಆ ಮಗುವಿನ ಹೊಣೆ ಹೊತ್ತ ಸಿಬ್ಬಂದಿ, ಇರಲೇಬೇಕು. ನೀವು ಮಾತಾಡಬೇಕಾದ್ದು ಅವರ ಜೊತೆ. ಕಲಿಕೆಯನ್ನು ಏಳು ಭಾಗ ಮಾಡಿದ್ದಾರೆ. ಚಿಕ್ಕ ಮಕ್ಕಳಲ್ಲಿ ಮೂರಕ್ಕೆ ಹೆಚ್ಚು ಒತ್ತು: ಮಾತು, ಮೈಕೈ ಬೆಳವಣಿಗೆ, ಭಾವನೆ ಮತ್ತು ಜನರ ಜೊತೆಗಿನ ಒಡನಾಟ. ಎರಡೂವರೆಗೇ ಎಬಿಸಿಡಿ ಬರೆಸಿ ಅಂತ ನಮ್ಮ ಕಡೆಯವರು ಕೇಳುತ್ತಲೇ ಇರುತ್ತಾರೆ. ನಾನಂತೂ ಹಿಟ್ಟು ನಾದಲು ಕೊಡುತ್ತೇನೆ. ಬೆರಳು ಗಟ್ಟಿಯಾಗದೆ ಪೆನ್ಸಿಲ್ ಹಿಡಿಸಿ ಏನು ಪ್ರಯೋಜನ?

ಮಗುವಿಗೆ ಎರಡರಿಂದ ಮೂರು ವರ್ಷದ ನಡುವೆ ನರ್ಸರಿಯವರು ಬೆಳವಣಿಗೆಯ ಒಂದು ಪರಿಶೀಲನೆ ಮಾಡುವುದು ಕಡ್ಡಾಯ. ಅದರ ಸಾರಾಂಶವನ್ನು ನಿಮಗೆ ಬರಹದಲ್ಲೇ ಕೊಡಬೇಕು. ಮೀಟಿಂಗಿಗೆ ಕರೆದಿರುವುದು ಬಹುಶಃ ಇದಕ್ಕೇ ಇರಬಹುದು. ಇಲ್ಲಿ ಕನ್ನಡದ ಮನೆಯವರು ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ನರ್ಸರಿಯಲ್ಲಿ ಅವಳು ಹತ್ತು ಇಂಗ್ಲಿಷ್ ಪದ ಆಡಬಹುದು, ಮನೆಯಲ್ಲಿ ಕನ್ನಡದಲ್ಲಿ ವಾಕ್ಯವನ್ನೇ ಹೇಳುತ್ತಿರಬಹುದು. ಬರೀ ಇಂಗ್ಲಿಷ್ ನೋಡಿ ‘ಮಾತು ತಡ’ ಅಂತ ಬರೆಯುವ ಹಾಗಿಲ್ಲ. ಮಗುವಿಗೆ ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೆ ಮನೆಮಾತಿನಲ್ಲಿ ಹೇಗಿದ್ದಾಳೆ ಅಂತ ಅಪ್ಪ ಅಮ್ಮನನ್ನು ಕೇಳಿ ತಿಳಿಯಬೇಕು ಅಂತ ಆ ಚೌಕಟ್ಟೇ ಹೇಳುತ್ತದೆ. ಅವರು ಕೇಳದಿದ್ದರೆ ನೀವೇ ಹೇಳಿ. ಕನ್ನಡದಲ್ಲೂ ಮಾತು ಕಡಿಮೆ ಅನಿಸಿದರೆ ಅದನ್ನೂ ಮುಚ್ಚಿಡಬೇಡಿ. ಬೇಗ ಗೊತ್ತಾದಷ್ಟೂ ಸಹಾಯ ಬೇಗ ಸಿಗುತ್ತದೆ. ಮತ್ತೆ, ದಯವಿಟ್ಟು ನರ್ಸರಿಗೋಸ್ಕರ ಮನೆಯಲ್ಲಿ ಇಂಗ್ಲಿಷಿಗೆ ಬದಲಾಗಬೇಡಿ.

ಫೋಟೋ ಕಳಿಸುವ ಆ್ಯಪ್ ಇದ್ದರೆ ಒಳ್ಳೆಯದೇ. ಆದರೆ ಫೋಟೋ ಜಾಸ್ತಿ ಬಂದರೆ ಪ್ಲಾನ್ ಚೆನ್ನಾಗಿದೆ ಅಂತಲ್ಲ. ನಾವು ಫೋಟೋ ತೆಗೆಯುವಾಗ ಮಗುವಿನ ಜೊತೆ ಆಡುತ್ತಿರುವುದಿಲ್ಲ, ಅಷ್ಟು ನೆನಪಿಡಿ. ಫೋಟೋದ ಕೆಳಗೆ ಏನು ಬರೆದಿದ್ದಾರೆ ನೋಡಿ. ‘ಮುಂದಿನ ಹೆಜ್ಜೆ: ಗೆಳೆಯರ ಜೊತೆ ಹಂಚಿಕೊಳ್ಳುವುದು’ ಅನ್ನುವ ಸಾಲು ಯಾವ ಮಗುವಿಗೆ ಬೇಕಾದರೂ ಹೊಂದುತ್ತದೆ. ಪ್ರತಿ ಸಲ ಇಂಥದ್ದೇ ಬಂದರೆ ಕಾಪಿ ಪೇಸ್ಟ್ ಅಂತ ಅನುಮಾನ ಪಡಬಹುದು.

ಮೀಟಿಂಗಿನಲ್ಲಿ ಕೇಳಲು ಸಂಕೋಚ ಬೇಡ. ಈಗ ಅವಳಿಗೆ ಯಾವುದರ ಮೇಲೆ ಮನಸ್ಸು? ಅದನ್ನು ಹಿಡಿದು ನೀವೇನು ಮಾಡುತ್ತಿದ್ದೀರಿ? ಮನೆಯಲ್ಲಿ ನಾವೇನು ಮಾಡಲಿ? ಕೀ ಪರ್ಸನ್ ರಜೆಯಲ್ಲಿದ್ದರೆ ಅವಳನ್ನು ನೋಡಿಕೊಳ್ಳುವವರು ಯಾರು? ಕೊನೆಯದನ್ನು ಯಾರೂ ಕೇಳುವುದಿಲ್ಲ, ಈ ಕೆಲಸದಲ್ಲಿ ಜನ ಬದಲಾಗುತ್ತಲೇ ಇರುತ್ತಾರೆ.

ಹೋಗುವಾಗ ಒಂದು ಚೀಟಿ ಒಯ್ಯಿರಿ. ನೀರು, ಸಾಕು, ಬೇಡ, ಉಚ್ಚೆ, ನೋವು, ಹೀಗೆ ಅವಳು ದಿನಾ ಆಡುವ ಪದಗಳು, ಪಕ್ಕದಲ್ಲಿ ಇಂಗ್ಲಿಷ್ ಅರ್ಥ. ಕನ್ನಡ ಪದವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಡಿ, ಅವರಿಗೆ ಓದಲು ಬರಬೇಕಲ್ಲ. ನಮ್ಮ ಕೋಣೆಯಲ್ಲಿ ಇಂಥ ಚೀಟಿಗಳನ್ನು ಡೈಪರ್ ಬದಲಿಸುವ ಜಾಗದ ಗೋಡೆಗೆ ಅಂಟಿಸಿರುತ್ತೇವೆ. ಜಾಸ್ತಿ ಬೇಕಾಗುವುದು ಅಲ್ಲೇ.